ಶುಗರ್ ಇದ್ದವರ ಆಪರೇಷನ್: ಮೊದಲು ಗುಳಿಗೆ ತೋರಿಸಿ

ಆದೋನಿಯಿಂದ ಆಪರೇಷನ್‌ಗೆ ಕರ್ನೂಲಿಗೋ, ಬಳ್ಳಾರಿಗೋ, ರಾಯಚೂರಿಗೋ ಹೊರಟಿದ್ದೀರಾ? ಶುಗರ್ ಇದೆಯಾ? ಹಾಗಾದರೆ ಬಟ್ಟೆಗಿಂತ ಮೊದಲು ಗುಳಿಗೆ ಶೀಟುಗಳನ್ನೆಲ್ಲ ಚೀಲಕ್ಕೆ ಹಾಕ್ಕೊಳ್ಳಿ. "ಬಿಳಿ ಗುಳಿಗೆ, ಬೆಳಗ್ಗೆ ಒಂದು" ಅಂದರೆ ಯಾವ ಡಾಕ್ಟರಿಗೂ ತಿಳಿಯಲ್ಲ.

ಯಾಕಂದ್ರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದಲ್ಲಿ ರಕ್ತದ ಆಮ್ಲ ಏರಿ ಜೀವಕ್ಕೇ ಅಪಾಯ ಆಗಬಹುದು. ಮೋಸ ಏನಂದ್ರೆ, ಆಗ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಹೆಚ್ಚು ಕಾಣದೇ ಇರಬಹುದು! ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಆಪರೇಷನ್ ದಿನ ಬಿಡಿಸ್ತಾರೆ. ಇನ್ಸುಲಿನ್ ಮಾತ್ರ ನೀವಾಗಿಯೇ ಬಿಡಬೇಡಿ. ಎಷ್ಟು ತಗೋಬೇಕು ಅಂತ ಕೇಳಿ ಬರೆಸಿಕೊಳ್ಳಿ.

ತುರ್ತಿಲ್ಲದಿದ್ದರೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎವನ್‌ಸಿ 8ರ ಕೆಳಗೆ ಬಂದಮೇಲೆ ಆಪರೇಷನ್ ಮಾಡಿಸೋದು ಒಳ್ಳೆಯದು. ಬೆಳಗಿನ ಮೊದಲ ಸರದಿ ಕೇಳಿ. ಹಸಿದು ಕಾಯುವಾಗ ಬೆವರು, ನಡುಕ ಬಂತಾ? ಸಂಕೋಚ ಬೇಡ, ತಕ್ಷಣ ನರ್ಸಮ್ಮನಿಗೆ ಹೇಳಿ.

ಆಪರೇಷನ್ ಆದಮೇಲೆ ಏನೂ ತಿನ್ನದಿದ್ದರೂ ಶುಗರ್ ಏರಬಹುದು. ಅದು ಒತ್ತಡದ ಹಾರ್ಮೋನ್‌ಗಳ ಕೆಲಸ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 100ರಿಂದ 180ರೊಳಗೆ ಇಡೋಕೆ ನೋಡ್ತಾರೆ. ಏರಿದರೆ ಗಾಯ ಮಾಯೋದು ತಡ, ಸೋಂಕೂ ಸುಲಭ. ನೋಡೋಕೆ ಬರೋ ನೆಂಟರು ಗ್ಲೂಕೋಸ್ ಡಬ್ಬ, ಜ್ಯೂಸ್ ತರ್ತಾರೆ. ಪ್ರೀತಿ ಸರಿ, ಡಬ್ಬ ಪಕ್ಕಕ್ಕಿಡಿ. ಅದು ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ಬೇಕಾಗೋದು. ಬೇಳೆ, ಮೊಟ್ಟೆ, ಮೊಸರು ತಿನ್ನಿ.

ನಿಲ್ಲಿಸಿದ ಗುಳಿಗೆ ಮತ್ತೆ ಯಾವಾಗ ಅನ್ನೋದನ್ನೂ ಡಾಕ್ಟರನ್ನೇ ಕೇಳಿ. ಹೊಲಿಗೆ ಕೆಂಪಾದರೆ, ಕೀವು, ಜ್ವರ ಬಂದರೆ ಅರಿಶಿನ ಹಚ್ಚಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.