ಬಿಯರಿನ ತಳದ ಗಸಿ

ಸಾರಿನ ತಿಳಿಯನ್ನು ಕದಡದಂತೆ ಬಗ್ಗಿಸಿಕೊಳ್ಳುವ ಕೈಚಳಕ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಇದೇ ಕೈಚಳಕ ಬಿಯರಿನ ಸೀಸೆಯ ಮುಂದೆ ಬೇಕಾಗುತ್ತದೆ. ಮನೆಬಳಕೆಗೆ ಬಿಯರು ತಯಾರಿಸಲು ಅಲ್ಲಿ ಬೇಕಿದ್ದ ಪರವಾನಗಿ 1963ರಲ್ಲಿ ರದ್ದಾಯಿತು, ಮಾರುವಂತಿಲ್ಲ, ಅಷ್ಟೆ. (ನಮ್ಮ ಅಬಕಾರಿ ಕಾನೂನು ಇದಕ್ಕೆ ಎಡೆಗೊಡುವುದಿಲ್ಲವಾದ್ದರಿಂದ ಈ ಮಾತುಗಳನ್ನು ಯಾರೂ ಪಾಕಶಾಸ್ತ್ರವೆಂದು ಭಾವಿಸಬೇಕಾಗಿಲ್ಲ.) ಹವ್ಯಾಸಿಗಳನ್ನು ಬಿಡದೆ ಕಾಡಿದ ಪ್ರಶ್ನೆಯೊಂದುಂಟು: ಪಾತ್ರೆಯ ತಳದಲ್ಲಿ ಕೂರುವ ಗಸಿಯನ್ನು ಏನು ಮಾಡುವುದು?

ಆ ಗಸಿಯಲ್ಲಿ ಬಾರ್ಲಿಯ ಪ್ರೋಟೀನಿನ ಗರಣೆಯೂ ಹಾಪ್ಸ್ ಹೂವಿನ ಚೂರುಗಳೂ ಇರುತ್ತವೆ. ಅವುಗಳ ಜೊತೆಗೆ ಹೇರಳವಾಗಿ ಯೀಸ್ಟು. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವ ಏಕಕೋಶಜೀವಿ ಅದು. ಬವೇರಿಯದ 1516ರ ಪ್ರಸಿದ್ಧ ಆಜ್ಞೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಈ ಮೂರೇ ಸಾಕೆಂದಿತು. ಕೆಲಸವೆಲ್ಲ ಮಾಡುವ ಯೀಸ್ಟಿನ ಹೆಸರೇ ಅದರಲ್ಲಿಲ್ಲ. 1680ರಲ್ಲಿ ಲೇವನ್‌ಹುಕ್ ಅದರ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನಾದರೂ ಅವು ಜೀವಿಗಳೆಂದು ಅವನಿಗೆ ಹೊಳೆಯಲಿಲ್ಲ. ಒಂದೇ ಕೋಶದಿಂದ ಶುದ್ಧ ಸಂತತಿಯನ್ನು ಬೆಳೆಸಿದ್ದು 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಹ್ಯಾನ್ಸನ್.

ಗಸಿಯ ಮೇಲೆ ಬಿಯರನ್ನು ನಿಲ್ಲಗೊಡಬೇಡಿ, ಹುದುಗು ಇಳಿದೊಡನೆ ಕೊಳವೆಯಿಂದ ಬೇರೆ ಪಾತ್ರೆಗೆ ಹರಿಸಿರಿ ಎಂಬುದು ಹಳೆಯ ಕೈಪಿಡಿಗಳ ಕಟ್ಟಪ್ಪಣೆ. ಸತ್ತ ಯೀಸ್ಟಿನ ಕೋಶಗಳು ಒಡೆದು ರಬ್ಬರಿನಂಥ ದುರ್ವಾಸನೆ ಸೇರೀತೆಂಬ ಭಯ. ಭಯ ಸುಳ್ಳಲ್ಲ. ಆದರೆ ಅದು ಕಾರ್ಖಾನೆಯ ಎತ್ತರದ ತೊಟ್ಟಿಗಳಿಗೆ ಹೆಚ್ಚು ಸಲ್ಲುತ್ತದೆ; ಅಲ್ಲಿ ತಳದ ಯೀಸ್ಟಿನ ಮೇಲೆ ಬೀಳುವ ಒತ್ತಡವೂ ಕಾವೂ ಅಪಾರ. 20 ಲೀಟರಿನ ಪಾತ್ರೆಯಲ್ಲಿ ಮೂರು ವಾರ ನಿಂತರೆ ಕೇಡೇನೂ ಇಲ್ಲ. ಪಾತ್ರೆ ಬದಲಿಸುವಾಗ ಒಳಹೊಗುವ ಗಾಳಿಯೇ ಬಿಯರಿಗೆ ಒದ್ದೆ ರಟ್ಟಿನ ರುಚಿಯನ್ನು ತರುವುದುಂಟು. ನನ್ನ ಮಟ್ಟಿಗೆ ಸುಮ್ಮನಿರುವುದೇ ಲೇಸು. ಒಂದೆರಡು ದಿನ ತಂಪಿನಲ್ಲಿಟ್ಟರೆ ಯೀಸ್ಟು ತಾನಾಗಿ ಕೆಳಗಿಳಿಯುತ್ತದೆ. ಅವಸರದವರು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸನ್ನು ಬೆರೆಸುತ್ತಾರೆ. ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿ.

ಹೀಗೆ ತಿಳಿಯಾದ ಬಿಯರಿನಲ್ಲಿಯೂ ಪ್ರತಿ ಮಿಲಿಲೀಟರಿಗೆ ಲಕ್ಷಗಟ್ಟಲೆ ಯೀಸ್ಟುಕಣಗಳು ಉಳಿದಿರುತ್ತವೆ. ಉಳಿಯಲೇಬೇಕು. ಲೀಟರಿಗೆ ಐದಾರು ಗ್ರಾಂ ಸಕ್ಕರೆ ಸೇರಿಸಿ ಸೀಸೆಯ ಬಾಯಿ ಬಿಗಿದರೆ ಅವು ಮತ್ತೆ ಕೆಲಸಕ್ಕಿಳಿಯುತ್ತವೆ. ಹೊರಹೋಗಲು ದಾರಿಯಿಲ್ಲದ ಅನಿಲ ಬಿಯರಿನಲ್ಲಿಯೇ ಕರಗುತ್ತದೆ. ನೊರೆಯ ಮೂಲ ಇದೇ. ಅಪಾಯವೂ ಇಲ್ಲಿಯೇ. ಮೊದಲ ಹುದುಗು ಮುಗಿಯುವ ಮುನ್ನ ಸೀಸೆಗೆ ತುಂಬಿದರೆ ಉಳಿದ ಸಕ್ಕರೆಯೂ ಅನಿಲವಾಗಿ ಗಾಜು ಸಿಡಿಯುತ್ತದೆ. ಚೂರು ಕಣ್ಣಿಗೆ ತಾಗಿದರೆ ಗತಿಯೇನು? ರಸದ ಸಾಂದ್ರತೆಯನ್ನು ತೋರಿಸುವ ಹೈಡ್ರಾಮೀಟರಿನ ಅಂಕ ಎರಡು ಮೂರು ದಿನ ಕದಲದೆ ನಿಂತ ಮೇಲೆಯೇ ಬಲ್ಲವರು ಸೀಸೆಗೆ ಕೈಹಾಕುತ್ತಾರೆ.

ಸುಮಾರು ಎರಡು ವಾರಗಳಲ್ಲಿ ಸೀಸೆಯ ತಳದಲ್ಲಿ ಬೂದುಬಣ್ಣದ ತೆಳುಪದರ ಕೂರುತ್ತದೆ. ಸೀಸೆಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ನಡುವೆ ತಡೆಯದೆ ಒಂದೇ ಸಲಕ್ಕೆ ಬಗ್ಗಿಸಬೇಕು. ಕದಡು ಕೊರಳಿಗೆ ಬಂದೊಡನೆ ನಿಲ್ಲಿಸಬೇಕು. ಬವೇರಿಯದವರು ಮಾತ್ರ ತಮ್ಮ ಗೋಧಿಯ ಬಿಯರಿನ ಕೊನೆಯ ಗುಟುಕನ್ನು ಬೇಕೆಂದೇ ಕುಲುಕಿ, ಗಸಿಸಮೇತ ಲೋಟಕ್ಕೆ ಸುರಿದುಕೊಳ್ಳುತ್ತಾರೆ.