ಮೀನು ನದಿಗೆ, ಹಣ ರೋಗಿಗೆ

ಗಾಳ ಹಾಕುವುದು ನದಿ ದಂಡೆಯಲ್ಲಿರುವ ನಮಗೆ ಹೊಸತಲ್ಲ. ಕೋಲು, ನೂಲು, ಎರೆಹುಳ ಇದ್ದರೆ ಸಾಕು. ಸಿಕ್ಕಿದ ಮೀನು ನೇರ ಅಡುಗೆಮನೆಗೆ. ಆದರೆ ಅಮೆರಿಕದ ನದಿಗಳಲ್ಲಿ ನಡೆಯುವ ಒಂದು ಬಗೆಯ ಸ್ಪರ್ಧೆಯಲ್ಲಿ ಮೀನು ಮನೆಗೆ ಬರುವುದೇ ಇಲ್ಲ. ಅದರಿಂದ ಬರುವುದು ದಾನದ ಹಣ.

ಇದಕ್ಕೆ ಫ್ಲೈ ಫಿಶಿಂಗ್ ಅಂತ ಹೆಸರು. ಗಾಳಕ್ಕೆ ಹಕ್ಕಿಯ ಗರಿ, ರೋಮ, ನೂಲು ಸುತ್ತಿ ನೊಣದಂತೆ ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ, ತೂಕ ಇರುವುದು ದಾರಕ್ಕೆ. ಕೋಲನ್ನು ಹಿಂದೆ ಮುಂದೆ ಹದವಾಗಿ ಬೀಸಿದರೆ ಆ ದಾರವೇ ನೊಣವನ್ನು ದೂರಕ್ಕೆ ಒಯ್ದು ನೀರ ಮೇಲೆ ಇಳಿಸುತ್ತದೆ. ಟ್ರೌಟ್ ಮೀನು ನಿಜವಾದ ಹುಳ ಅಂತ ಬಾಯಿ ಹಾಕುತ್ತದೆ.

ಭಾಗವಹಿಸುವವರು ಶುಲ್ಕ ಕಟ್ಟುತ್ತಾರೆ, ಇಲ್ಲವೇ ಗೆಳೆಯರು, ನೆಂಟರಿಂದ ಹಣ ಸಂಗ್ರಹಿಸಿ ಬರುತ್ತಾರೆ. ಮೀನನ್ನು ಒದ್ದೆ ಕೈಯಲ್ಲೇ ಹಿಡಿದು, ಉದ್ದ ಅಳೆದು, ಮತ್ತೆ ನೀರಿಗೆ ಬಿಡುತ್ತಾರೆ.

ಹೀಗೆ ದಾನದಿಂದ ನಡೆಯುವ ಸಂಸ್ಥೆಗಳಲ್ಲಿ ‘ಕಾಸ್ಟಿಂಗ್ ಫಾರ್ ರಿಕವರಿ’ ಒಂದು. 1996ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಒಬ್ಬರು ಶಸ್ತ್ರಚಿಕಿತ್ಸಾ ವೈದ್ಯೆ ಮತ್ತು ಒಬ್ಬರು ಫ್ಲೈ ಫಿಶಿಂಗ್ ಪರಿಣತೆ ಸೇರಿ ಇದನ್ನು ಕಟ್ಟಿದರು. ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಎರಡೂವರೆ ದಿನದ ಉಚಿತ ಶಿಬಿರ ನಡೆಸುತ್ತಾರೆ. ಒಂದು ಶಿಬಿರಕ್ಕೆ ಸುಮಾರು 14 ಮಂದಿ. ಕೊನೆಯ ದಿನ ಎಲ್ಲರೂ ನದಿಗೆ ಇಳಿಯುತ್ತಾರೆ.

ಕ್ಯಾನ್ಸರ್‌ಗೂ ಗಾಳಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸ್ತನದ ಆಪರೇಷನ್ ಆದವರಿಗೆ, ಅದರಲ್ಲೂ ಕಂಕುಳಿನ ಗ್ರಂಥಿ ತೆಗೆದವರಿಗೆ, ಭುಜ ಬಿಗಿಯುತ್ತದೆ, ಕೈ ಬಾತುಕೊಳ್ಳುವುದೂ ಉಂಟು. ಆಮೇಲೆ ವೈದ್ಯರು ಹೇಳಿಕೊಡುವ ಮೆಲುವಾದ ವ್ಯಾಯಾಮಕ್ಕೂ ಈ ಕೋಲು ಬೀಸುವುದಕ್ಕೂ ಹೋಲಿಕೆ ಇದೆ. ಅದಕ್ಕಿಂತ ದೊಡ್ಡದು, ಅದೇ ನೋವು ಕಂಡ ಹೆಂಗಸರ ಜೊತೆ ಕೂತು ಮಾತಾಡಲು ಸಿಗುವ ಅವಕಾಶ.

ನಮ್ಮ ಊರುಗಳಲ್ಲೂ ರೋಗಿಯ ಆಪರೇಷನ್‌ಗೆ ಹಣ ಒಟ್ಟು ಮಾಡುವವರಿಗೆ ಕೊರತೆಯಿಲ್ಲ. ಆದರೆ ಬಿಲ್ ಕಟ್ಟಿದಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂತ ಅಂದುಕೊಳ್ಳುತ್ತೇವೆ. ಮನೆಗೆ ಬಂದ ಆ ಉಮ್ಮನಿಗೆ ಕೈ ಮೇಲೆತ್ತಿ ಬಟ್ಟೆ ಒಣಹಾಕಲು ಆಗುತ್ತದಾ, ಮನಸ್ಸು ಬಿಚ್ಚಿ ಮಾತಾಡಲು ಯಾರಾದರೂ ಇದ್ದಾರಾ ಅಂತ ಕೇಳುವವರು ಕಡಿಮೆ. ಸ್ತನದ ಕಾಯಿಲೆಯಾದರೆ ನಾಚಿಕೆಗೆ ಹೆಸರನ್ನೂ ಹೇಳುವುದಿಲ್ಲ.

ನಮಗೆ ಟ್ರೌಟ್ ಬೇಡ, ದುಬಾರಿ ಕೋಲೂ ಬೇಡ. ವೈದ್ಯರು ಹೇಳಿದ ವ್ಯಾಯಾಮ ದಿನಾಲೂ ಮಾಡುವಾಗ ಮನೆಯವರು ಜೊತೆಗೆ ನಿಲ್ಲಲಿ. ಅದೇ ಕಾಯಿಲೆಯಿಂದ ಗುಣವಾದ ನೆರೆಮನೆಯ ಹೆಂಗಸು ಬಂದು ಅರ್ಧ ಗಂಟೆ ಕೂರಲಿ. ದಾನದ ಹಣ ಆಸ್ಪತ್ರೆಯ ಬಾಗಿಲಿನವರೆಗೆ ತಲುಪಿಸುತ್ತದೆ. ಅಲ್ಲಿಂದ ಮನೆಗೆ ಬಂದವರ ಕೈ ಹಿಡಿಯಬೇಕಾದವರು ನಾವೇ.