ಭತ್ತ ಯಾಕೆ ಸಿ-4 ಅಲ್ಲ?

ಸಿಇಟಿ, ನೀಟ್ ತಯಾರಿಯ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ಪ್ರಶ್ನೆಯೊಂದಿದೆ: ಮೆಕ್ಕೆಜೋಳ, ಕಬ್ಬು, ಜೋಳ, ಭತ್ತ, ಇವುಗಳಲ್ಲಿ ಸಿ-4 ಸಸ್ಯ ಅಲ್ಲದ್ದು ಯಾವುದು? ಪಿಯುಸಿ ಮಕ್ಕಳು ಭತ್ತಕ್ಕೆ ಗುರುತು ಹಾಕಿ ಮುಂದಕ್ಕೆ ಹೋಗುತ್ತಾರೆ. ಉತ್ತರ ಸರಿಯೇ. ಯಾಕೆ ಎಂದು ಕೇಳಿದರೆ ಮಾತ್ರ, ಪಟ್ಟಿಯಲ್ಲಿ ಹಾಗಿದೆ ಎನ್ನುವವರೇ ಹೆಚ್ಚು. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಬರುವ ಸಿ-3, ಸಿ-4 ಹೋಲಿಕೆಯ ಕೋಷ್ಟಕವನ್ನು ಸಾಲು ಸಾಲಾಗಿ ಉರು ಹೊಡೆಯಬೇಕಿಲ್ಲ. ಅದರ ಬಹುತೇಕ ಸಾಲುಗಳ ಹಿಂದಿರುವುದು ಒಂದೇ ಕಿಣ್ವದ ಒಂದು ದೌರ್ಬಲ್ಯ. ಅದು ತಿಳಿದರೆ ಕೋಷ್ಟಕವನ್ನು ನಾವೇ ಬರೆದುಕೊಳ್ಳಬಹುದು.

ಆ ಕಿಣ್ವ ರೂಬಿಸ್ಕೊ. ಗಾಳಿಯಿಂದ ಎಲೆಯೊಳಕ್ಕೆ ಬಂದ ಇಂಗಾಲದ ಡೈಆಕ್ಸೈಡನ್ನು ಐದು ಇಂಗಾಲಗಳ ಒಂದು ಸಕ್ಕರೆಗೆ ಜೋಡಿಸುವುದು ಅದರ ಕೆಲಸ. ಹಾಗೆ ಜೋಡಿಸಿದ ಕೂಡಲೇ ಅಣು ಒಡೆದು, ಮೂರು ಇಂಗಾಲಗಳ ಎರಡು ಅಣುಗಳಾಗುತ್ತದೆ. ಇದನ್ನು ಕಂಡುಹಿಡಿದವರು ಬರ್ಕ್ಲಿಯ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬಾಷಮ್. ಕ್ಲೋರೆಲ್ಲಾ ಎಂಬ ಪಾಚಿಗೆ ವಿಕಿರಣಶೀಲ ಇಂಗಾಲ-14 ಉಣಿಸಿ, ಕೆಲವೇ ಸೆಕೆಂಡುಗಳಲ್ಲಿ ಅದನ್ನು ಬಿಸಿ ಆಲ್ಕೊಹಾಲಿಗೆ ಹಾಕಿ ಕೊಂದು, ಇಂಗಾಲ ಮೊದಲು ಯಾವ ಅಣುವಿನಲ್ಲಿ ಸೇರಿದೆ ಎಂದು ಅವರು ಹುಡುಕಿದರು. ಸಿಕ್ಕಿದ್ದು ಮೂರು ಇಂಗಾಲಗಳ ಪಿಜಿಎ. ಸಿ-3 ಎನ್ನುವಲ್ಲಿನ ಮೂರು ಇದೇ. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ಬೆನ್ಸನ್ ಪಟ್ಟ ಶ್ರಮಕ್ಕೆ ಅದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ದೌರ್ಬಲ್ಯದ ವಿಷಯ. ರೂಬಿಸ್ಕೊಗೆ ಇಂಗಾಲದ ಡೈಆಕ್ಸೈಡ್ ಯಾವುದು, ಆಮ್ಲಜನಕ ಯಾವುದು ಎಂದು ಪೂರ್ತಿ ಗುರುತು ಹತ್ತುವುದಿಲ್ಲ. ಈ ಕಿಣ್ವ ರೂಪುಗೊಂಡ ಕಾಲದಲ್ಲಿ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ ಇತ್ತು, ಹಾಗಾಗಿ ಗೊಂದಲದಿಂದ ನಷ್ಟವಿರಲಿಲ್ಲ. ಇವತ್ತಿನ ಗಾಳಿಯಲ್ಲಿ ಆಮ್ಲಜನಕ ಶೇಕಡ 21, ಇಂಗಾಲದ ಡೈಆಕ್ಸೈಡ್ ಶೇಕಡ 0.04ರ ಆಸುಪಾಸು. ರೂಬಿಸ್ಕೊ ಆಗಾಗ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆಗ ಒಂದು ಪಿಜಿಎ ಜೊತೆಗೆ, ಪಿಜಿಎಯಿಂದ ಸಕ್ಕರೆ ತಯಾರಿಸುವ ಕ್ಯಾಲ್ವಿನ್ ಚಕ್ರಕ್ಕೆ ಬೇಡವಾದ ಎರಡು ಇಂಗಾಲಗಳ ಅಣುವೊಂದು ಹುಟ್ಟುತ್ತದೆ. ಅದನ್ನು ಸರಿಪಡಿಸಲು ಕ್ಲೋರೋಪ್ಲಾಸ್ಟ್, ಪೆರಾಕ್ಸಿಸೋಮ್, ಮೈಟೋಕಾಂಡ್ರಿಯ ಮೂರೂ ದುಡಿಯಬೇಕು. ಆ ದಾರಿಯಲ್ಲಿ, ಕಷ್ಟಪಟ್ಟು ಹಿಡಿದಿದ್ದ ಇಂಗಾಲದಲ್ಲಿ ಒಂದಷ್ಟು ಮತ್ತೆ ಗಾಳಿಗೆ ಹೋಗುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಹುಟ್ಟುವುದಿಲ್ಲ, ಬದಲಿಗೆ ಖರ್ಚಾಗುತ್ತದೆ. ಇದೇ ದ್ಯುತಿ ಉಸಿರಾಟ, ಅಂದರೆ ಫೋಟೋರೆಸ್ಪಿರೇಷನ್.

ಬಿಸಿಲು ಏರಿದಷ್ಟೂ ಇದು ಹೆಚ್ಚುತ್ತದೆ. ಶಾಖಕ್ಕೆ ರೂಬಿಸ್ಕೊದ ಗುರುತಿಸುವ ಶಕ್ತಿ ಇನ್ನಷ್ಟು ಕುಂದುತ್ತದೆ. ನೀರು ಉಳಿಸಲು ಗಿಡ ಪತ್ರರಂಧ್ರಗಳನ್ನು ಮುಚ್ಚಿಕೊಂಡರಂತೂ ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಬರಿದಾಗಿ ಆಮ್ಲಜನಕ ಉಳಿಯುತ್ತದೆ. ಸುಡುಬಿಸಿಲಿನಲ್ಲಿ ಸಿ-3 ಬೆಳೆಯೊಂದು ದುಡಿದದ್ದರ ನಾಲ್ಕನೇ ಒಂದು ಭಾಗವನ್ನು ಹೀಗೆ ಕಳೆದುಕೊಳ್ಳಬಹುದು. ಚಳಿಗಾಲದ ಗೋಧಿಗೆ ಈ ಕಾಟ ಅಷ್ಟಿಲ್ಲ.

ಇದಕ್ಕೆ ಉಪಾಯ ಕಂಡುಕೊಂಡ ಗಿಡಗಳ ಸುಳಿವು ಸಿಕ್ಕಿದ್ದು ಕಬ್ಬಿನಲ್ಲಿ. ಹವಾಯಿಯ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಹ್ಯೂಗೊ ಕಾರ್ಟ್‌ಷಾಕ್ ಮತ್ತು ಸಂಗಡಿಗರು ಕಬ್ಬಿನ ಎಲೆಗೆ ಇಂಗಾಲ-14 ಕೊಟ್ಟಾಗ, ಅದು ಮೊದಲು ಕಂಡದ್ದು ನಾಲ್ಕು ಇಂಗಾಲಗಳ ಆಮ್ಲಗಳಲ್ಲಿ. 1965ರಲ್ಲಿ ಅವರು ಅದನ್ನು ಪ್ರಕಟಿಸಿದರು. ಮರುವರ್ಷವೇ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ ಇದರ ದಾರಿಯನ್ನು ಬಿಡಿಸತೊಡಗಿದರು. ಪಠ್ಯಪುಸ್ತಕದ ಹ್ಯಾಚ್-ಸ್ಲ್ಯಾಕ್ ಪಥ ಇವರದೇ.

ಉಪಾಯ ಇಷ್ಟು: ರೂಬಿಸ್ಕೊವನ್ನು ಬದಲಿಸಲಾಗದಿದ್ದರೆ ಅದನ್ನು ಆಮ್ಲಜನಕದ ಮೇಲುಗೈ ಇಲ್ಲದ ಕಡೆ ಇಡುವುದು. ರಾಗಿ, ಜೋಳ, ಕಬ್ಬಿನ ಎಲೆಯಲ್ಲಿ ಪ್ರತಿ ನಾಳದ ಸುತ್ತಲೂ ದಪ್ಪ ಗೋಡೆಯ, ಕ್ಲೋರೋಪ್ಲಾಸ್ಟ್ ತುಂಬಿದ ಬಂಡಲ್ ಶೀತ್ ಕೋಶಗಳ ಸುತ್ತು ಇರುತ್ತದೆ. ಕ್ರಾಂಜ್ ಅಂಗರಚನೆ ಎಂದರೆ ಇದೇ. ರೂಬಿಸ್ಕೊ ಇರುವುದು ಈ ಒಳಸುತ್ತಿನಲ್ಲಿ. ಹೊರಗಿನ ಮೀಸೋಫಿಲ್ ಕೋಶಗಳಲ್ಲಿ ಇಂಗಾಲ ಹಿಡಿಯುವುದು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ. ಅದಕ್ಕೆ ಆಮ್ಲಜನಕದ ಗೊಂದಲ ಸ್ವಲ್ಪವೂ ಇಲ್ಲ. ಅಲ್ಲಿ ತಯಾರಾದ ನಾಲ್ಕು ಇಂಗಾಲಗಳ ಆಮ್ಲ ಒಳಸುತ್ತಿಗೆ ಸಾಗಿ, ಹೊತ್ತು ತಂದ ಇಂಗಾಲದ ಡೈಆಕ್ಸೈಡನ್ನು ಅಲ್ಲಿ ಬಿಡುತ್ತದೆ. ರೂಬಿಸ್ಕೊ ಸುತ್ತ ಅದೇ ದಟ್ಟವಾಗಿರುವುದರಿಂದ ಆಮ್ಲಜನಕ ಹಿಡಿಯುವ ಸಂದರ್ಭ ತೀರಾ ವಿರಳ. ಅನಾನಸ್, ಕಳ್ಳಿಯಂಥ ಗಿಡಗಳು ಇದೇ ಕೆಲಸವನ್ನು ರಾತ್ರಿ ಮತ್ತು ಹಗಲಿಗೆ ಹಂಚಿಕೊಂಡಿವೆ.

ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲಿಯೇ. ಸಿ-4 ಗಿಡದಲ್ಲಿ ಕ್ಯಾಲ್ವಿನ್ ಚಕ್ರ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಇದ್ದೇ ಇದೆ, ಬಂಡಲ್ ಶೀತ್‌ನಲ್ಲಿದೆ. ಸಕ್ಕರೆ ತಯಾರಾಗುವುದು ಕೊನೆಗೂ ಅದರಿಂದಲೇ. ಸಿ-4 ಎಂದರೆ ಹುಲ್ಲಿನ ಜಾತಿ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ನಾವು ಸಾರು, ಪಲ್ಯ ಮಾಡುವ ದಂಟು, ಹರಿವೆ ಸೊಪ್ಪುಗಳೂ ಸಿ-4. ಸಸ್ಯಕುಲದಲ್ಲಿ ಈ ಉಪಾಯ ಅರವತ್ತಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ವಿಕಾಸವಾಗಿದೆ. ಜೀವಶಾಸ್ತ್ರದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಸಂಗತಿಗಳಲ್ಲಿ ಇದೊಂದು.

ಹಾಗಾದರೆ ಎಲ್ಲ ಗಿಡಗಳೂ ಸಿ-4 ಯಾಕಾಗಲಿಲ್ಲ? ಯಾಕೆಂದರೆ ಇದು ಪುಕ್ಕಟೆಯಲ್ಲ. ಒಂದು ಗ್ಲೂಕೋಸ್ ಅಣುವಿಗೆ ಸಿ-3 ಗಿಡ 18 ಎಟಿಪಿ ಖರ್ಚು ಮಾಡಿದರೆ, ಸಿ-4 ಗಿಡಕ್ಕೆ 30 ಬೇಕು. ಬಿಸಿಲು ಧಾರಾಳವಾಗಿರುವ, ಸೆಕೆಯ, ನೀರಿಗೆ ಬರವಿರುವ ಕಡೆ ಈ ಖರ್ಚು ಗಿಟ್ಟುತ್ತದೆ. ಪತ್ರರಂಧ್ರವನ್ನು ಸ್ವಲ್ಪವೇ ತೆರೆದರೂ ಸಾಕಷ್ಟು ಇಂಗಾಲ ದೊರೆಯುವುದರಿಂದ ಅಷ್ಟೇ ಬೆಳವಣಿಗೆಗೆ ಸಿ-4 ಗಿಡ ಕಳೆದುಕೊಳ್ಳುವ ನೀರು ಸಿ-3 ಗಿಡದ ಸುಮಾರು ಅರ್ಧದಷ್ಟು. ಕೋಲಾರ, ತುಮಕೂರಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ನಿಲ್ಲುವುದಕ್ಕೆ, ವಿಜಯಪುರದ ಎರೆ ಭೂಮಿಯಲ್ಲಿ ಮಣ್ಣೊಳಗೆ ಉಳಿದ ತೇವವನ್ನೇ ನಂಬಿ ಹಿಂಗಾರಿ ಜೋಳ ತೆನೆ ಕಟ್ಟುವುದಕ್ಕೆ ಇದೂ ಒಂದು ಕಾರಣ. ನವಣೆ, ಸಾಮೆ, ಸಜ್ಜೆ, ಹಾರಕ ಎಲ್ಲವೂ ಸಿ-4. ರೈತರಿಗೆ ತಲೆನೋವಾದ ಗರಿಕೆ, ಜೇಕು ಸಹ.

ಭತ್ತ ನೀರು ನಿಲ್ಲುವ ನೆಲದಲ್ಲಿ ವಿಕಾಸವಾದ ಬೆಳೆ, ನೀರು ಉಳಿಸುವ ಒತ್ತಡ ಅದಕ್ಕೆ ಅಷ್ಟಾಗಿ ಬೀಳಲಿಲ್ಲ. ಅದನ್ನು ಸಿ-4 ಮಾಡಲು ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ 2008ರ ಸುಮಾರಿಗೆ ದೊಡ್ಡ ಯೋಜನೆಯೊಂದು ಶುರುವಾಗಿ, ಹಲವು ದೇಶಗಳ ವಿಜ್ಞಾನಿಗಳ ಕೈಯಲ್ಲಿ ಇನ್ನೂ ನಡೆಯುತ್ತಿದೆ. ಬೇಕಾದ ಕಿಣ್ವಗಳೇನೂ ಅಪರೂಪವಲ್ಲ, ಪೆಪ್ ಕಾರ್ಬಾಕ್ಸಿಲೇಸ್ ಭತ್ತದಲ್ಲೂ ಬೇರೆ ಕೆಲಸಗಳಿಗಾಗಿ ಇದೆ. ಆದರೆ ಸರಿಯಾದ ಕಿಣ್ವ ಸರಿಯಾದ ಕೋಶದಲ್ಲಿ ಮಾತ್ರ ಹೇರಳವಾಗಬೇಕು, ನಾಳಗಳು ಹತ್ತಿರ ಬರಬೇಕು, ಬಂಡಲ್ ಶೀತ್‌ನಲ್ಲಿ ಕ್ಲೋರೋಪ್ಲಾಸ್ಟ್‌ಗಳು ತುಂಬಬೇಕು. ಒಂದೆರಡು ಜೀನ್ ಸೇರಿಸಿದರೆ ಇಷ್ಟೆಲ್ಲ ಆಗುವುದಿಲ್ಲ, ಎಲೆಯ ರಚನೆಯನ್ನೇ ಬದಲಿಸಬೇಕು. ಭತ್ತದಲ್ಲಿ ಈ ಬದಲಾವಣೆಗಳನ್ನೆಲ್ಲ ಒಟ್ಟಿಗೆ ತರುವುದು ಇನ್ನೂ ಸಾಧ್ಯವಾಗಿಲ್ಲ.